‘ಬಿಡ್ರಿ’ ಎಂದು ಅವನು ಕೂಗಿದಾಗ

ಠಾಣೆಯಲ್ಲಿ ನಾನು ಬರೆದುಕೊಟ್ಟ ಹೇಳಿಕೆ ಒಂದೂವರೆ ಪುಟ. ಯಂತ್ರವನ್ನು ಯಾರು ನಡೆಸುತ್ತಿದ್ದರು, ಸತ್ತವನು ಎಲ್ಲಿ ನಿಂತಿದ್ದ, ಮೊದಲು ಸುಳ್ಳು ಹೇಳಿದ್ದು ಯಾಕೆ, ಇಷ್ಟೇ ಅವರಿಗೆ ಬೇಕಾಗಿತ್ತು. ಆ ಪುಟಗಳಲ್ಲಿ ಹಿಡಿಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಯಲಬುರ್ಗಾ ಕಡೆಯ ಹಳ್ಳಿಯವನು, ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮೂವತ್ತು ವರ್ಷ ಗಂಗಾವತಿಯಿಂದ ಅಕ್ಕಿ ಲಾರಿ ಓಡಿಸಿದೆ. ಅರವತ್ತು ದಾಟಿದ ಮೇಲೆ ದೂರದ ದಾರಿ ಆಗದೆ ಒಬ್ಬ ಶೆಡ್ ಗುತ್ತಿಗೆದಾರರ ಬಳಿ ಬೂಮ್ ಲಿಫ್ಟ್ ನಡೆಸಲು ಸೇರಿಕೊಂಡೆ. ಚಕ್ರದ ಗಾಡಿಯ ಮೇಲೆ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಮನುಷ್ಯರು ನಿಲ್ಲುವ ಬುಟ್ಟಿ. ಬುಟ್ಟಿಯಲ್ಲಿ ಒಂದು ಸ್ವಿಚ್ ಪೆಟ್ಟಿಗೆ, ಕೆಳಗೆ ಗಾಡಿಯ ಪಕ್ಕದಲ್ಲಿ ಇನ್ನೊಂದು. ಚಾವಿ ಯಾವ ಕಡೆ ತಿರುಗಿದೆಯೋ ಆ ಪೆಟ್ಟಿಗೆಯ ಮಾತು ಮಾತ್ರ ಯಂತ್ರ ಕೇಳುತ್ತದೆ. ಕಲಿಸಿದವರು ಮೊದಲ ದಿನವೇ ಹೇಳಿದ್ದರು: ನಡೆಸುವವನು ಬುಟ್ಟಿಯೊಳಗೇ ಇರಬೇಕು, ತಲೆಯ ಮೇಲೆ ಏನಿದೆ ಎಂಬುದು ಅವನಿಗೆ ಮಾತ್ರ ಕಾಣುತ್ತದೆ, ಕೆಳಗಿನ ಪೆಟ್ಟಿಗೆ ಇರುವುದು ಮೇಲಿನವನಿಗೆ ಏನಾದರೂ ಆದರೆ ಇಳಿಸಿಕೊಳ್ಳಲಿಕ್ಕೆ.

ಅವತ್ತೇ ನನ್ನನ್ನು ಬುಟ್ಟಿಯಲ್ಲಿ ನಿಲ್ಲಿಸಿ ನಲವತ್ತು ಅಡಿ ಏರಿಸಿದರು. ನಾನು ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಘಾಟಿಗಳಲ್ಲಿ ಲಾರಿ ಇಳಿಸಿದವನಿಗೆ ಎತ್ತರದ ಹೆದರಿಕೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಇರುತ್ತಿರಲಿಲ್ಲ.

ಒಬ್ಬನಿಗೆ ಗೊತ್ತಾಯಿತು. ನಮ್ಮ ಬೆಸುಗೆಯ ಮಿಸ್ತ್ರಿ, ಕುಷ್ಟಗಿಯವನು, ಮೂವತ್ತೈದರ ಆಸುಪಾಸಿನ ಸಾಬರ ಹುಡುಗ. ಎರಡನೇ ವಾರಕ್ಕೇ ನನ್ನ ಮುಖ ನೋಡಿ ನಕ್ಕ.

“ಕಾಕಾ, ಖರೇ ಹೇಳ್ರಿ. ನಿಮಗ ಮ್ಯಾಲ ಬಂದ್ರ ಕಾಲು ನಡಗ್ತಾವಲ್ಲ?”

“ಮೊಣಕಾಲು ನೋವೈತೋ.”

“ಹೌದ್ರಿ, ನೆಲದ ಮ್ಯಾಲ ಇಲ್ಲದ ನೋವು ಬುಟ್ಟಿಯಾಗ ಬರ್ತೈತಿ. ಇರ್ಲಿ ಬಿಡ್ರಿ, ನಾ ಯಾರ ಮುಂದೂ ಹೇಳಂಗಿಲ್ಲ. ನೀವು ನೆಲದ ಪೈಲಟ್, ನಾ ಆಕಾಶದ ಪ್ಯಾಸೆಂಜರ್.”

ಹೀಗೆ ಶುರುವಾಯಿತು. ಅವನು ಒಬ್ಬನೇ ಮೇಲೆ, ನಾನು ಚಾವಿಯನ್ನು ಕೆಳಗಿನ ಕಡೆ ತಿರುಗಿಸಿ ನೆಲದಲ್ಲಿ. ‘ನಿನ್ನ ಎರಡೂ ಕೈ ಕೆಲಸಕ್ಕ ಇರ್ಲಿ’ ಎಂದು ಅವನಿಗೆ ಉಪಕಾರ ಮಾಡುವವನಂತೆ ಹೇಳುತ್ತಿದ್ದೆ. ಏರಿಸಬೇಕಾದರೆ ಕೈ ಮೇಲೆತ್ತುತ್ತಿದ್ದ, ನಿಲ್ಲಿಸಬೇಕಾದರೆ ಸುತ್ತಿಗೆಯಿಂದ ಕಂಬಿಗೆ ಎರಡು ಸಲ ಬಡಿಯುತ್ತಿದ್ದ. ಬಾಯಿಮಾತಿನಲ್ಲಿ ಏನೆಂದು ಕೂಗಬೇಕು ಎಂಬುದನ್ನು ನಾವು ಒಂದು ದಿನವೂ ಮಾತಾಡಿಕೊಳ್ಳಲಿಲ್ಲ. ಕೆಳಗಿನ ಪೆಟ್ಟಿಗೆಯ ಹತ್ತಿರ ಒಬ್ಬ ನಿಲ್ಲುವುದು ಇದ್ದದ್ದೇ, ಉಳಿದವರಿಗೆ ಸಂಶಯ ಬರಲಿಲ್ಲ. ಏಳು ತಿಂಗಳು ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದರಿಂದ ಅದೇ ಸರಿಯಾದ ಪದ್ಧತಿ ಅನ್ನಿಸಿಬಿಟ್ಟಿತು.

ಗಂಗಾವತಿಯ ಹೊರಗೆ ಒಂದು ರೈಸ್‌ಮಿಲ್ಲಿನ ಗೋದಾಮು ಕಟ್ಟುತ್ತಿದ್ದೆವು. ಭತ್ತ ಬರುವುದರೊಳಗೆ ತಗಡು ಹೊದಿಸಬೇಕೆಂದು ಅವಸರ. ಶನಿವಾರ ಮಧ್ಯಾಹ್ನ ಮಿಸ್ತ್ರಿ ಮೇಲಿನ ತೊಲೆಯ ಹತ್ತಿರ ಬೆಸುಗೆ ಹಾಕುತ್ತಿದ್ದ. ಬೆಲ್ಟ್ ಹಾಕಿಕೊಂಡಿದ್ದ, ಅದರಲ್ಲಿ ಅವನು ಎಂದೂ ತಪ್ಪಿದವನಲ್ಲ. ಇನ್ನೊಂದಿಷ್ಟು ಮೇಲೆ ಎಂದು ಕೈ ಮಾಡಿದ. ನಾನು ಸ್ವಿಚ್ ಒತ್ತಿ ಹಿಡಿದೆ. ಹೊದಿಸದ ಮಾಡಿನಿಂದ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಬುಟ್ಟಿಯ ತಳ ಒಂದು ಕಪ್ಪು ಚೌಕವಾಗಿ ಕಾಣುತ್ತಿತ್ತು, ಅವನು ಕಾಣುತ್ತಿರಲಿಲ್ಲ.

“ಬಿಡ್ರಿ!” ಎಂದು ಕೂಗು ಕೇಳಿತು. “ಬಿಡ್ರಿ ಕಾಕಾ, ಬಿಡ್ರಿ!”

ಈ ಮಾತನ್ನು ಓದುವವರು ಬೇರೆ ಕಡೆಯವರಾದರೆ ಅವರಿಗೆ ತಿಳಿಯಲೆಂದು ಬಿಡಿಸಿ ಹೇಳುತ್ತೇನೆ. ನಾನು ಮೂವತ್ತು ವರ್ಷ ಕೇಳಿದ ‘ಬಿಡ್ರಿ’ ಗಾಡಿಯವರ ‘ಬಿಡ್ರಿ’. ಕಂಡಕ್ಟರ್ ‘ಬಿಡ್ರಿ’ ಅಂದರೆ ಬಸ್ಸು ಹೊರಡುತ್ತದೆ, ಕ್ಲೀನರ್ ‘ಬಿಡ್ರಿ’ ಅಂದರೆ ಲಾರಿ ಮುಂದಕ್ಕೆ ಹೋಗುತ್ತದೆ. ನಿಲ್ಲಿಸು ಎನ್ನಲು ನಮ್ಮಲ್ಲಿ ‘ಹೋಲ್ಡಾನ್’. ಅವನು ಗಾಡಿಯವನಲ್ಲ, ಕಬ್ಬಿಣದವನು. ಅವನ ‘ಬಿಡ್ರಿ’ ಎಂದರೆ ಕೈ ಬಿಡ್ರಿ. ಆ ಸ್ವಿಚ್ಚಿನಿಂದ ಕೈ ತೆಗೆದರೆ ಸಾಕು, ತೋಳು ಇದ್ದಲ್ಲೇ ನಿಲ್ಲುತ್ತದೆ. ಯಂತ್ರ ಮಾಡಿದವರು ಹಾಗೇ ಮಾಡಿಟ್ಟಿದ್ದಾರೆ. ಅವನು ಸರಿಯಾದ ಮಾತನ್ನೇ ಹೇಳಿದ.

ನಾನು ಇನ್ನೂ ಬಿಗಿಯಾಗಿ ಒತ್ತಿದೆ.

ಮುಂದಿನ ಕೂಗು ಅರ್ಧಕ್ಕೇ ನಿಂತಿತು. ತೋಳು ನಡುಗಿತು. ಆಗ ಕೈ ತೆಗೆದೆ. ಪಕ್ಕಕ್ಕೆ ಓಡಿ ನೋಡಿದರೆ ಬೆನ್ನಿಗೆ ತೊಲೆ, ಎದೆಗೆ ಬುಟ್ಟಿಯ ಕಂಬಿ, ಅವನ ಎರಡೂ ಕೈ ಆ ಸಂದಿನಲ್ಲಿ. ಬೆಲ್ಟ್ ಬೀಳುವವನನ್ನು ಹಿಡಿಯುತ್ತದೆ. ಮೇಲಕ್ಕೆ ಒತ್ತಿ ಸಾಯಿಸುವವನಿಂದ ಅದು ಉಳಿಸುವುದಿಲ್ಲ.

ಇಳಿಸತೊಡಗಿದೆ. ಬುಟ್ಟಿ ನೆಲ ಮುಟ್ಟುವ ಮೊದಲು ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳಲು ಶುರುವಾಯಿತು. ಉಳಿದವರು ಗೋದಾಮಿನ ಆ ತುದಿಯಿಂದ ಇನ್ನೂ ಓಡಿ ಬರುತ್ತಿದ್ದರು. ಅದನ್ನು ಕೇಳಿದವನು ನಾನೊಬ್ಬನೇ. ಆಸ್ಪತ್ರೆಗೆ ಒಯ್ದೆವು, ಆದರೆ ಅವನ ಉಸಿರು ಬುಟ್ಟಿಯಲ್ಲೇ ನಿಂತಿತ್ತು.

ಸಂಜೆ ಪೊಲೀಸರು ಕೇಳಿದರು. ಅವನೇ ಮೇಲಿನಿಂದ ನಡೆಸುತ್ತಿದ್ದ, ಸಿಕ್ಕಿಹಾಕಿಕೊಂಡ ಮೇಲೆ ನಾನು ಚಾವಿಯನ್ನು ಕೆಳಗಿನ ಕಡೆ ತಿರುಗಿಸಿ ಇಳಿಸಿದೆ ಎಂದೆ. ಚಾವಿ ಕೆಳಗಿನ ಕಡೆಯೇ ಇತ್ತು. ಕಾಪಾಡುವವನೂ ಅದನ್ನು ಹಾಗೆಯೇ ತಿರುಗಿಸಬೇಕು. ನನ್ನ ಸುಳ್ಳಿಗೆ ಯಂತ್ರವೇ ಸಾಕ್ಷಿಯಾಯಿತು.

“ಇಷ್ಟು ವರ್ಷದ ಮಿಸ್ತ್ರಿ, ತೊಲಿ ಕಾಣಲಿಲ್ಲೇನು ಅವಗ?” ಎಂದರು ಸಾಹೇಬರು. ಅವನ ಫೋನು ಅವರ ಕೈಯಲ್ಲಿತ್ತು. “ಆ ಹೊತ್ತಿಗೆ ಹೆಂಡತಿ ಫೋನ್ ಬಂದೈತಲ್ಲ?”

“ಬಂದಿತ್ರಿ,” ಎಂದೆ. ಅದು ನಿಜ.

“ನೋಡಾಕ ಹೋಗಿದ್ನೇನು?”

“ಹೋಗಿದ್ನೋ ಏನೋ ರೀ.”

ಇಷ್ಟೇ. ‘ಏನೋ’ ಎಂಬ ಆ ಮಾತನ್ನು ಬರೆದುಕೊಳ್ಳುವಾಗ ಅವರು ಬಿಟ್ಟುಬಿಟ್ಟರು. ನಾನೂ ನೆನಪಿಸಲಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಸೈಟಿನವರೆಲ್ಲ ಕುಷ್ಟಗಿಗೆ ಹೋದೆವು. ಅಂಗಳದಲ್ಲಿ ಗಂಡಸರ ಸಾಲು. ಪರದೆಯ ಆಚೆ ಹೆಂಗಸರು. ಮಿಸ್ತ್ರಿಯ ತಾಯಿಗೆ ಕಿವಿ ಮಂದ, ತಾನು ಮೆಲ್ಲಗೆ ಆಡುತ್ತೇನೆಂದುಕೊಂಡ ಮಾತೂ ಬೀದಿಗೆ ಕೇಳುತ್ತಿತ್ತು.

“ಈಕಿ ಫೋನ್ ಹೋತು, ನನ್ನ ಮಗನ ಜೀವ ತಗೊಂತು. ಎದಕ್ಕ ಮಾಡಿದ್ದಿ? ಹೇಳು ಎಲ್ಲಾರ ಮುಂದ.”

ಸೊಸೆಯ ದನಿ ಕೇಳಿತು. “ಶನಿವಾರ ಬರ್ತಾರಲ್ಲ... ಪಲ್ಯಾ ಏನ್ ಮಾಡ್ಲಿ ಅಂತ ಕೇಳಾಕ.”

ನಮ್ಮ ಪಂಕ್ತಿಯಲ್ಲಿ ಯಾರೋ ಲೊಚಗುಟ್ಟಿದರು. ನನ್ನ ತಾಟಿನಲ್ಲಿ ಅನ್ನ ಇತ್ತು. ಫೋನು ಬಂದದ್ದು ಎಲ್ಲ ಮುಗಿದ ಮೇಲೆ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಆ ಅನ್ನವನ್ನು ಉಂಡು, ಕೈ ತೊಳೆದುಕೊಂಡು, ಎದ್ದು ಬಂದ.

ಅದಾಗಿ ಒಂದು ವರ್ಷದ ಮೇಲೆ ಕೊಪ್ಪಳದ ಹತ್ತಿರದ ಸೈಟಿನಲ್ಲಿ ಹೊಸಬರಿಗೆ ಬೂಮ್ ಕಲಿಸುವಾಗ ಸುರಕ್ಷತೆಯ ಸಾಹೇಬರು ನನ್ನನ್ನು ಮುಂದೆ ನಿಲ್ಲಿಸಿದರು. “ಅಜ್ಜಾರ, ಆ ಮೊಬೈಲಿನ ಕಥಿ ಇವರಿಗೆ ಹೇಳ್ರಿ.” ಹೇಳಿದೆ. ಮೊದಲ ಸಲವಲ್ಲ, ನಾಲ್ಕೋ ಐದೋ ಸಲ ಹೇಳಿದ್ದೆ, ಎಲ್ಲಿ ದನಿ ಇಳಿಸಬೇಕು ಎಂಬುದೂ ರೂಢಿಯಾಗಿತ್ತು.

ಕೇಳುತ್ತಿದ್ದವರಲ್ಲಿ ಒಬ್ಬ ಕಾರಟಗಿ ಕಡೆಯ ಟ್ರ್ಯಾಕ್ಟರ್ ಡ್ರೈವರ್, ನಡುವಯಸ್ಸಿನವನು. ಕೈ ಎತ್ತಿದ.

“ಅಲ್ರೀ ಅಜ್ಜಾರ, ಒಂದು ತಿಳೀವಲ್ದು. ಬೆಸುಗಿ ಹಿಡಿ ಒಂದು ಕೈಯಾಗ, ಮುಖದ ಪರದಿ ಒಂದು ಕೈಯಾಗ. ಬೂಮ್ ಸ್ವಿಚ್ ಒಂದು ಕೈಯಾಗ, ಮತ್ತ ಫೋನ್ ಒಂದು ಕೈಯಾಗ. ಆ ಮಿಸ್ತ್ರಿ ಏನ್ ಮನಶ್ಯಾನೋ, ನಾಕು ಕೈಯ ದೇವರೋ?”

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. “ನಗಾಕ ಹೇಳಿಲ್ರಿ,” ಎಂದ ಅವನು. “ಅವ ಅಲ್ಲ ನಡಿಸಿದ್ದು. ಬ್ಯಾರೆ ಯಾರೋ ನಡಿಸ್ಯಾರ.”

ನಾನು ನೀರು ಕುಡಿಯುವ ನೆವದಿಂದ ಹೊರಗೆ ಬಂದೆ. ಮತ್ತೆ ಒಳಗೆ ಹೋಗಲಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿಗೆ ಬಂದು ಕುಷ್ಟಗಿ ಬಸ್ಸು ಹತ್ತಿದೆ. ಆ ಡ್ರೈವರ್ ಕೇಳಿರದಿದ್ದರೆ ಹತ್ತುತ್ತಿದ್ದೆನೇ? ಇಲ್ಲ. ಅದನ್ನೂ ಬರೆದುಬಿಡುತ್ತೇನೆ.

ಮಿಸ್ತ್ರಿಯ ಹೆಂಡತಿ ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದಳು. ಒಳಗೆ ಮಂಚದ ಮೇಲೆ ಅತ್ತೆ. ನನ್ನ ಗುರುತು ಹಿಡಿದು, “ಬರ್ರಿ ಕಾಕಾ, ಕುಂದರ್ರಿ” ಎಂದಳು.

“ಕುಂದ್ರಂಗಿಲ್ಲವಾ. ನಿನ್ನ ಫೋನ್ ಅವಗ ಏನೂ ಮಾಡಿಲ್ಲ.”

ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳ ಕಾಲು ನಿಂತಿತು.

“ಕೆಳಗಿನಿಂದ ನಾ ನಡಸ್ತಿದ್ನಿ. ಎತ್ತರ ಅಂದ್ರ ನನಗ ಅಂಜಿಕಿ. ಅವ ಬಿಡ್ರಿ ಬಿಡ್ರಿ ಅಂದ, ನಾ ಏರಿಸ್ರಿ ಅಂತ ತಿಳ್ಕೊಂಡೆ. ನೀ ಫೋನ್ ಮಾಡಿದಾಗ ಅವನ ಉಸಿರು ನಿಂತಿತ್ತು. ನಾ ಸುಳ್ಳು ಹೇಳಿದೆ.”

ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಚಪ್ಪಲಿ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಇಟ್ಟಳು.

“ಎಷ್ಟು ದಿನ ಆತ್ರಿ ಕಾಕಾ?” ಎಂದಳು.

“ವರ್ಷದ ಮ್ಯಾಲಾತು.”

“ಇಷ್ಟು ದಿನ ನಾ ಯಾರಿಗೂ ಫೋನ್ ಮಾಡಿಲ್ರಿ. ನನ್ನ ತವರುಮನಿಗೂ.”

ಒಳಗಿನಿಂದ ಮುದುಕಿ ಕೇಳಿದಳು, “ಯಾರು? ಕ್ಯಾ ಬೋಲ್ರಾ? ಏನಂತಾನ ಅವ?”

ಅವಳು ಎದ್ದು ಬಾಗಿಲನ್ನು ಪೂರ್ತಿ ತೆರೆದಳು. ನನ್ನ ತೋಳು ಹಿಡಿಯಲಿಲ್ಲ, ದಾರಿ ಮಾತ್ರ ಬಿಟ್ಟಳು. “ನನಗ ಹೇಳಿದ್ದು ಸಾಕು. ಆಕಿಗೆ ಹೇಳ್ರಿ. ಜೋರ್ಲೆ ಹೇಳ್ರಿ, ಕಿವಿ ಕೇಳಂಗಿಲ್ಲ.”

ನಾನು ಮಂಚದ ಮುಂದೆ ನಿಂತು ಹೇಳಿದೆ. ಮುದುಕಿ ನನ್ನ ಬಾಯನ್ನೇ ನೋಡಿದಳು, ತಲೆ ಆಡಿಸಿದಳು, ತಿಳಿಯಲಿಲ್ಲ. ಮತ್ತೆ ಹೇಳಿದೆ, ಕೂಗಿ. ಹೊರಗೆ ನಲ್ಲಿಯ ಹತ್ತಿರ ಕೊಡಗಳ ಸದ್ದು ನಿಂತಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನಿಮ್ಮ ಮಗನನ್ನು ಕೊಂದವನು ನಾನು, ಈಕೆ ಅಲ್ಲ ಎಂದು ಇನ್ನೂ ಜೋರಾಗಿ ಕೂಗಿದೆ. ಈ ಸಲ ಮುದುಕಿಗೆ ಕೇಳಿಸಿತು. ಅವಳು ನನ್ನ ಕಡೆ ನೋಡಲಿಲ್ಲ. ಸೊಸೆಯ ಕಡೆಗೂ ನೋಡಲಾರದೆ ಗೋಡೆಗೆ ಮುಖ ಮಾಡಿದಳು.

ಸೊಸೆ ಬಾಗಿಲಲ್ಲಿ ಕೂಡಿದ್ದ ಮಂದಿಯತ್ತ ತಿರುಗಿ ನಿಂತಿದ್ದಳು.

“ಇವರಿಗೂ ಹೇಳ್ರಿ,” ಎಂದಳು.