ಟೀಚರ್ ಮತ್ತು ಹೇಳದೆ ಬದಲಾದ ಪುಟ

ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಟೀಚರ ಬಲಗೈ ತೋರುಬೆರಳು ಸೊಟ್ಟಗಾಗಿತ್ತು. ಹಾಗಾಗಿ ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದರು, ಅದೂ ಬಾಗಿಲು ತಟ್ಟುವವರ ಹಾಗೆ. ಕಳಸದ ಬಸ್ ಸ್ಟ್ಯಾಂಡ್ ಎದುರು ನಾನು ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಕಾಲ. ಎರಡನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಿದವರು ನಿವೃತ್ತರಾದ ಮೇಲೆ ನನ್ನ ಹತ್ತಿರ ಇಮೇಲ್ ಕಲಿಯಲು ಬಂದಿದ್ದರು.

"ಗಡಿಬಿಡಿ ಮಾಡ್ಬೇಡ ಮಾರಾಯ. ನಿಂಗೆ ಏಳರ ಮಗ್ಗಿ ಬರೋಕೆ ಒಂದು ತಿಂಗಳು ಬೇಕಾಗಿತ್ತು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಟೀಚರಿಗೆ ಟ್ರೈನಿಂಗ್ ದಿನಗಳ ಗೆಳತಿಯೊಬ್ಬರು ಧಾರವಾಡದಲ್ಲಿದ್ದರು. ಎಷ್ಟೋ ವರ್ಷ ಸುದ್ದಿಯೇ ಇರದಿದ್ದವರ ಇಮೇಲ್ ವಿಳಾಸ ಯಾರದೋ ಮದುವೆಯಲ್ಲಿ ಸಿಕ್ಕಿತ್ತು. ಆ ಗೆಳತಿಗೆ ಕಿವಿ ಕೇಳುತ್ತಿರಲಿಲ್ಲ, ಫೋನಿನಿಂದ ಪ್ರಯೋಜನವಿರಲಿಲ್ಲ. ಪ್ರತಿ ಸೋಮವಾರ ಟೀಚರ್ ಬಂದು ಒಂದು ಚೀಟಿ ತೆರೆದಿಟ್ಟುಕೊಳ್ಳುತ್ತಿದ್ದರು. 'ಎಡಗಡೆ, ಮೇಲಿಂದ ಮೂರನೇ ನೀಲಿ ಸಾಲು' ಎಂದೆಲ್ಲ ಅದರಲ್ಲಿ ದುಂಡಗೆ ಬರೆದಿತ್ತು. ಅದರಂತೆ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ನಗುನಗುತ್ತಾ ಮನೆಗೆ ಹೋಗುತ್ತಿದ್ದರು.

ಒಂದು ಸೋಮವಾರ ಆ ಇಮೇಲ್ ಪುಟ ಪೂರ್ತಿ ಬದಲಾಗಿತ್ತು. ಬೆಳಿಗ್ಗೆಯಿಂದ ಬಂದವರೆಲ್ಲ ಬೈದುಕೊಂಡೇ ಕೂತಿದ್ದರು. ಟೀಚರ್ ಬಂದಾಗ ನಾನು ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅವರ ಕುರ್ಚಿ ಖಾಲಿಯಾಗಿತ್ತು.

ಮೂರು ಸೋಮವಾರ ಅವರು ಬರಲಿಲ್ಲ. ನಾಲ್ಕನೆಯ ಸೋಮವಾರ ಮನೆಗೇ ಹೋದೆ.

"ನಿನ್ನ ಕಂಪ್ಯೂಟರ್ ಕೆಡಿಸಿಬಿಟ್ಟೆ ಮಾರಾಯ" ಎಂದರು, ನನ್ನ ಮುಖ ನೋಡದೆ. "ಏನೋ ಒತ್ತಿದೆ, ಎಲ್ಲಾ ಹೋಯ್ತು. ಕಾಗದ ಹಾಕೋಣ ಅಂದ್ರೆ ಅವಳ ಅಡ್ರೆಸ್ಸೂ ಅದರೊಳಗೇ ಉಳೀತು."

"ನೀವು ಕೆಡಿಸಿಲ್ಲ ಟೀಚರ್. ಕಂಪನಿಯವರೇ ಬದಲಾಯಿಸಿದ್ದು, ಯಾರಿಗೂ ಹೇಳದೆ."

ಮೊದಲು ಉಸಿರು ಬಿಟ್ಟರು, ಆಮೇಲೆ ಸಿಟ್ಟು ಬಂತು. "ಕ್ಲಾಸಲ್ಲಿ ಒಂದು ಮಗುವಿನ ಜಾಗ ಬದಲಾಯಿಸೋಕೂ ನಾನು ಹಿಂದಿನ ದಿನವೇ ಹೇಳ್ತಿದ್ದೆ. ಇವರಿಗೆ ಅಷ್ಟೂ ಬೇಡ್ವಾ?" ನನ್ನತ್ತ ತಿರುಗಿ ಕೇಳಿದರು, "ಅವತ್ತು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ನೀನೂ ಹೇಳ್ಲಿಲ್ಲ."

ಅವರ ಕೈಯಿಂದ ಎಂದೂ ಪೆಟ್ಟು ತಿಂದವನಲ್ಲ ನಾನು. ಅವತ್ತು ತಿಂದೆ.

ಅಂಗಡಿಗೆ ಕರೆತಂದು ಪುಟ ತೆರೆದುಕೊಟ್ಟೆ. ಗೆಳತಿಯ ಐದು ಪತ್ರಗಳಿದ್ದವು. ಎರಡು ದಿನದ ಹಿಂದೆ ಬಂದ ಕೊನೆಯದರಲ್ಲಿ, 'ನಿನಗೇನಾಯಿತೋ ತಿಳಿಯದು. ಸೋಮವಾರ ಹೊರಟು ಬರುತ್ತೇನೆ' ಎಂದಿತ್ತು.

"ಅಯ್ಯೋ, ಇವತ್ತೇ!" ಎಂದು ಟೀಚರ್ ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದರು. ಸಂಜೆಯ ಬಸ್ಸಿನಿಂದ ಇಳಿದ ಗೆಳತಿಯನ್ನು ತಬ್ಬಿಕೊಂಡು ನಿಂತೇಬಿಟ್ಟರು. ನಾನು ಅಂಗಡಿಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಮರುದಿನ ಇಬ್ಬರೂ ಕೂತು ಕಂಪನಿಗೆ ಬರೆದರು: 'ಬದಲಾಯಿಸಿ, ಬೇಡವೆನ್ನುವುದಿಲ್ಲ. ಮೊದಲು ಹೇಳಿ.' ಉತ್ತರ ಬರಲಿಲ್ಲ. ಟೀಚರ್ ಚೀಟಿ ಹರಿದುಹಾಕಿ, ಪುಟವನ್ನು ಮೇಲಿಂದ ಕೆಳಗೆ ಓದಿ ಕಲಿತರು. ಮುಂದೆ ಪುಟ ಬದಲಾದಾಗಲೆಲ್ಲ ಗಾಬರಿಯಾದವರ ಪಕ್ಕ ಕೂತು, "ನೀವೇನೂ ಕೆಡಿಸಿಲ್ಲ, ಓದಿ ನೋಡಿ" ಎನ್ನುತ್ತಿದ್ದರು.

ಟೀಚರ್ ತೀರಿಕೊಂಡದ್ದು ಒಂದು ಶನಿವಾರ. ಗೆಳತಿ ಸೋಮವಾರ ಪತ್ರಕ್ಕೆ ಕಾಯುತ್ತಾರೆಂದು ಭಾನುವಾರವೇ ಧಾರವಾಡಕ್ಕೆ ಹೋದೆ. ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಓದಿ ನನ್ನ ಕೈ ಹಿಡಿದುಕೊಂಡರು.

"ಮೊದ್ಲಽ ಬಂದು ಹೇಳಿದಿ, ಚಲೋ ಮಾಡಿದಿ" ಎಂದರು. "ಇನ್ನ ಮುಂದ ಸೋಮವಾರ ನಿನಗ ಬರೀತೇನಪಾ."