ಬಲತೋಳಿನ ಕೆಂಪು ದೀಪ

ಧಾರೇಶ್ವರದ ಟೇಲರ್ ದುರ್ಗಪ್ಪ ನಾಯ್ಕನ ಜೊತೆ ನಾನು ಜಗಳ ಮಾಡದ ವರ್ಷವೇ ಇಲ್ಲ. ನಾವಿಬ್ಬರೂ ಊರ ಶಾಲೆಯಲ್ಲಿ ಒಂದೇ ಕ್ಲಾಸಿನಲ್ಲಿ ಕೂತವರು. ಅವನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕುಮಟೆಯ ಟೇಲರೊಬ್ಬರ ಹತ್ತಿರ ಕಾಜಾ ಹಾಕಲು ಸೇರಿದ. ನಾನು ಓದಿ ಅದೇ ಶಾಲೆಗೆ ಕಲಿಸಲು ಬಂದೆ. ಅವತ್ತಿನಿಂದ ಅವನ ಬಾಯಲ್ಲಿ ನಾನು ‘ಅಕ್ಕೋರು’. ಬಹುವಚನ ಕೊಟ್ಟ ಮಾತ್ರಕ್ಕೆ ಹೇಳಿದ ದಿನ ರವಿಕೆ ಕೊಟ್ಟ ಅಂತಲ್ಲ. ‘ನಾಳೆ’ ಅನ್ನುವ ಮಾತನ್ನು ಅವನಷ್ಟು ದೂರ ಎಳೆದವರನ್ನು ನಾನು ಕಂಡಿಲ್ಲ.

ಆದರೂ ಬೇರೆ ಟೇಲರನ ಹತ್ತಿರ ಹೋದವಳಲ್ಲ. ಕಾರಣ ಅವನ ಕೈ. ಸ್ಕೇಲು ಇಲ್ಲದೆ ಚಾಕಿನಲ್ಲಿ ಗೆರೆ ಎಳೆದರೆ ಎರಡು ಮೊಳ ನೇರ ಹೋಗುತ್ತಿತ್ತು. ಸೂಜಿಗೆ ದಾರ ಹಾಕುವಾಗ ತುದಿಯನ್ನು ಎಂಜಲು ಮಾಡುತ್ತಿರಲಿಲ್ಲ, ಒಂದೇ ಸಲಕ್ಕೆ ಒಳಗೆ. ಅವನಿಗಿದ್ದ ಆಸ್ತಿಯೆಂದರೆ ಹೆದ್ದಾರಿ ಬದಿಯ ಸಣ್ಣ ಮನೆ, ಅದರ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮಶೀನು, ಮತ್ತೆ ಆ ಕೈ. ಮಕ್ಕಳಾಗಲಿಲ್ಲ. ಹೆಂಡತಿ ಗಂಗಿ ಕಾಜಾ, ಗುಂಡಿ, ಅಂಚು ಮಡಚುವುದು ಇಷ್ಟನ್ನು ಮಾಡುತ್ತಿದ್ದಳು. ಮಶೀನಿಗೆ ಅವಳು ಕೂರುತ್ತಿರಲಿಲ್ಲ, ಅವನು ಕೂರಿಸುತ್ತಲೂ ಇರಲಿಲ್ಲ.

ಅವನಿಗೆ ದೀಪದ ಹುಚ್ಚು ಹತ್ತಿದ್ದು ತೊಂಬತ್ತೊಂಬತ್ತರಲ್ಲಿ, ಭಟ್ಕಳದ ಪೇಟೆಯಲ್ಲಿ. ಜಿಪ್ಪು, ಲೇಸು ತರಲು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ದುಬೈಯಿಂದ ಬಂದ ಮನೆಯ ಮಗುವೊಂದು ಅವನ ಮುಂದೆ ಓಡಿಹೋಯಿತು. ಅದರ ಬೂಟಿನ ಹಿಮ್ಮಡಿಯಲ್ಲಿ ಕೆಂಪು ದೀಪ. ಓಡಿದರೆ ಹೊತ್ತುತ್ತದೆ, ನಿಂತರೆ ಆರುತ್ತದೆ. ಇವನು ಜಿಪ್ಪು ಮರೆತು ಆ ಮಗುವಿನ ಬೆನ್ನು ಹತ್ತಿದ. ಅದರ ತಾಯಿ ತಿರುಗಿ ದುರುಗುಟ್ಟಿ ನೋಡಿದ ಮೇಲೆ ಬುದ್ಧಿ ಬಂತಂತೆ. ಕಡೆಗೆ ಚಪ್ಪಲಿ ಅಂಗಡಿಯ ಸಾಹೇಬರ ಹತ್ತಿರ ಹೋಗಿ, ಅಟ್ಟೆ ಹರಿದು ಮೂಲೆಗೆ ಬಿದ್ದಿದ್ದ ಅಂಥ ಬೂಟುಗಳನ್ನು ಒಂದು ಚೀಲ ತುಂಬ ಕೇಳಿ ತಂದ.

ಬ್ಲೇಡಿನಿಂದ ಹಿಮ್ಮಡಿ ಸೀಳಿದರೆ ಒಳಗೆ ಇದ್ದದ್ದು ಇಷ್ಟೇ: ಗುಂಡಿಯಷ್ಟು ಸೆಲ್ಲು, ಅಕ್ಕಿಕಾಳಿನಂಥ ದೀಪಗಳು, ಒಂದು ಸ್ಪ್ರಿಂಗು, ಅದರ ನಡುವೆ ತಾಗದ ಹಾಗೆ ನಿಂತ ಒಂದು ತಂತಿ. ಅಲ್ಲಾಡಿದರೆ ಸ್ಪ್ರಿಂಗು ತಂತಿಗೆ ತಾಗುತ್ತದೆ, ದೀಪ ಹೊತ್ತುತ್ತದೆ. ಅದನ್ನು ತೆಗೆದು ಅಂಗಿಯ ತೋಳಿಗೆ ಹೊಲಿದ. ಬೂಟಿನ ಸ್ಪ್ರಿಂಗಿಗೆ ಓಟದ ಪೆಟ್ಟು ಬೇಕು, ಕೈಯ ಚಲನೆ ಸಾಲದು ಅಂತ ಗೊತ್ತಾದಾಗ ಹಾಳಾದ ಟೇಪ್‌ರೆಕಾರ್ಡರು ಬಿಚ್ಚಿ ಕೂದಲೆಳೆಯಂಥ ಸ್ಪ್ರಿಂಗು ಹಾಕಿದ. ಆಮೇಲೆ ಬೆರಳು ಆಡಿಸಿದರೂ ಸಾಕಾಗುತ್ತಿತ್ತು. ಹೊನ್ನಾವರದ ಬ್ಯಾಂಡಿನವರು ಮದುವೆ ಮೆರವಣಿಗೆಗೆ ಅಂಥ ಕೋಟು ಹೊಲಿಸಿಕೊಂಡು ಹೋದರು. ಡೋಲು ಬಡಿಯುವವನ ತೋಳು ಪ್ರತಿ ಪೆಟ್ಟಿಗೂ ಮಿಂಚುತ್ತಿತ್ತು. ಜನ ಮದುಮಗನನ್ನು ಬಿಟ್ಟು ಅವನನ್ನೇ ನೋಡಿದರು.

ಒಂದೇ ತಿಂಗಳಿಗೆ ದೀಪಗಳು ಕೆಟ್ಟವು. ಉಪ್ಪುಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿದಿತ್ತು. ದುರ್ಗಪ್ಪ ಸ್ಪ್ರಿಂಗು-ತಂತಿಯ ಆ ಸ್ವಿಚ್ಚನ್ನು ಸಣ್ಣ ಕೊಳವೆಯೊಳಗೆ ಇಟ್ಟು, ಸಂದಿಗೆಲ್ಲ ಗಂಗಿಯ ಉಗುರುಬಣ್ಣ ಬಳಿದು ಗಾಳಿ ಹೋಗದ ಹಾಗೆ ಮಾಡಿದ. ನಮ್ಮ ಕಡೆ ಎಂತ ಕೆಟ್ಟರೂ ಉಪ್ಪುಗಾಳಿಯದ್ದೇ ತಪ್ಪು. ಫ್ಯಾನು ಕಿರುಗುಟ್ಟಿದರೆ, ಕಿಟಕಿಯ ಸರಳು ಉದುರಿದರೆ, ಮೊಣಕಾಲು ಹಿಡಿದುಕೊಂಡರೆ, ಎಲ್ಲದಕ್ಕೂ ಅದೊಂದೇ ಉತ್ತರ. ನೂರರಲ್ಲಿ ತೊಂಬತ್ತು ಸಲ ಅದು ನಿಜವೂ ಹೌದು. ಹಾಗಾಗಿ ಉಳಿದ ಹತ್ತು ಸಲ ನಾವು ಬೇರೆ ಕಾರಣ ಹುಡುಕುವುದೇ ಇಲ್ಲ.

ಎರಡು ಸಾವಿರದ ಮೂರರ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಾನು ಮಿಂಚುಹುಳದ ಕುಣಿತ ಮಾಡಿಸಬೇಕೆಂದು ಹೊರಟೆ. ಹನ್ನೆರಡು ಹುಡುಗಿಯರು. ಕತ್ತಲು ಮಾಡಿದ ಸ್ಟೇಜಿನ ಮೇಲೆ ಅವರು ಅಲ್ಲಾಡದೆ ಕೂತಿರಬೇಕು. ಹಾಡು ಶುರುವಾದ ಮೇಲೆ ಒಬ್ಬೊಬ್ಬಳೇ ಕೈ ಎತ್ತಬೇಕು, ಆಗಷ್ಟೇ ತೋಳಿನ ದೀಪ ಹೊತ್ತಬೇಕು. ಸುಮ್ಮನೆ ಕೂತಾಗ ಒಂದು ದೀಪ ಮಿನುಗಿದರೂ ಆಟ ಕೆಟ್ಟ ಹಾಗೆ. ಮಕ್ಕಳನ್ನು ಕೂರಿಸಿ ಪರೀಕ್ಷೆ ಮಾಡುವುದು ಆಗದ ಕೆಲಸ ಅಂತ ದುರ್ಗಪ್ಪ ತನ್ನ ಅಳತೆಗೇ ಒಂದು ಮಾದರಿ ಅಂಗಿ ಹೊಲಿದ, ಎರಡೂ ತೋಳಿಗೆ ದೀಪ ಇಟ್ಟು.

ವಾರ ಬಿಟ್ಟು ಹೋದೆ. ಅದೇ ಅಂಗಿ ಹಾಕಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತಿದ್ದ. ಎಡತೋಳು ಕತ್ತಲು. ಬಲತೋಳಿನಲ್ಲಿ ಮಿಣ ಮಿಣ.

“ಇದೆಂತ, ಕೂತಲ್ಲೇ ಹೊತ್ತುದು?” ಅಂದೆ.

“ಉಪ್ಪುಗಾಳಿ, ಅಕ್ಕೋರೆ. ಸ್ಪ್ರಿಂಗು ತುಕ್ಕು ಹಿಡ್ದು ತಂತಿಗೆ ತಾಗ್ತಾ ಇದೆ. ನಾಳೆ ಬನ್ನಿ, ಸರಿ ಆಗ್ತದೆ.”

ಅವನ ನಾಳೆ ನನಗೆ ಗೊತ್ತಿದ್ದದ್ದೇ. ನಾಲ್ಕು ದಿನ ಬಿಟ್ಟು ಹೋದೆ. ಅಷ್ಟರಲ್ಲಿ ಮೂರು ಸ್ಪ್ರಿಂಗು ಬದಲಿಸಿದ್ದ, ಗಂಗಿಯ ಉಗುರುಬಣ್ಣದ ಶೀಶೆ ಖಾಲಿ ಮಾಡಿದ್ದ. ಬಲತೋಳು ಹಾಗೇ ಮಿನುಗುತ್ತಿತ್ತು. ಗ್ಯಾದರಿಂಗಿಗೆ ಹದಿನೈದೇ ದಿನ ಉಳಿದಿತ್ತು, ಮಕ್ಕಳ ಬಟ್ಟೆ ಇನ್ನೂ ಕತ್ತರಿಸಿಯೂ ಇರಲಿಲ್ಲ. ನನಗೆ ರೇಗಿತು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗಾಯ್ತು ನಿಂದು. ಕೆಲಸದಲ್ಲಿ ಮೊದಲಿನ ಶ್ರದ್ಧೆ ಇಲ್ಲ, ಗಾಳಿಗೆ ಯಾಕೆ ಬೈತೀಯ?”

ಬೇರೆ ದಿನವಾಗಿದ್ದರೆ ಒಂದಕ್ಕೆ ಎರಡು ತಿರುಗಿಸಿ ಹೇಳುವವನು. ಅವತ್ತು ಅಂಗಿ ಬಿಚ್ಚಿದ. ಎರಡೂ ತೋಳಿನ ಸ್ವಿಚ್ಚು ಕಿತ್ತು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹೊಲಿಯಲು ಕೂತ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ನಾಲ್ಕು ಸಲ ಸೂಜಿಗೆ ಹಿಡಿದದ್ದನ್ನು ನಾನು ನೋಡಿದೆ. ನಲವತ್ತೆಂಟಾಯಿತು, ಚಾಳೀಸು ಬಂದಿರಬೇಕು ಅಂದುಕೊಂಡೆ.

ಹೊಲಿದು ಮುಗಿಸಿ ಅಂಗಿ ಹಾಕಿಕೊಂಡು ಮತ್ತೆ ಕೂತ. ಕೆಟ್ಟಿದೆ ಅಂದ ಸ್ವಿಚ್ಚು ಎಡತೋಳಿನಲ್ಲಿ ಸುಮ್ಮನಿತ್ತು. ಸರಿ ಇದೆ ಅಂದದ್ದು ಬಲತೋಳಿನಲ್ಲಿ ಮಿನುಗಿತು. ದುರ್ಗಪ್ಪ ತನ್ನ ಕೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಕರೆದ.

“ಗಂಗೀ, ಬಾ ಇಲ್ಲಿ. ಈ ಅಂಗಿ ಹಾಕ್ಕ.”

“ನಾ ಎಂತಕ್ಕೆ?”

“ಹಾಕ್ಕ ಅಂದೆ.”

ಗಂಗಿ ಸೀರೆಯ ಮೇಲೆಯೇ ಅಂಗಿ ತೊಟ್ಟು, ಕೈ ಮಡಿಲಲ್ಲಿಟ್ಟು ಕೂತಳು. ನಾವು ಮೂವರೂ ಆ ಬಲತೋಳನ್ನೇ ನೋಡುತ್ತ ಕೂತೆವು. ಅದು ಮಿನುಗಲಿ ಅಂತ ನಾನು ಮನಸ್ಸಿನಲ್ಲೇ ಊರ ದೇವರು ಧಾರಾನಾಥನಿಗೆ ಕೈ ಮುಗಿದೆ. ಮಿನುಗಲಿಲ್ಲ.

“ಸ್ವಿಚ್ಚು ಸರಿ ಇದೆ,” ಅಂದ ದುರ್ಗಪ್ಪ.

ಗಂಗಿ ತಲೆ ಎತ್ತಲಿಲ್ಲ. “ನಂಗೆ ಗೊತ್ತಿತ್ತು. ಮಳೆಗಾಲದಿಂದ ನಿಮ್ಗೆ ಅರ್ಧ ಲೋಟವೇ ಚಾ ಕೊಡ್ತಾ ಇದ್ದೆ. ಚೆಲ್ಲಿದ್ರೆ ನಿಮ್ಗೆ ಬೇಜಾರಾಗ್ತದೆ ಅಂತ.”

“ಹಾಲು ತುಟ್ಟಿ ಆತು ಅಂದ್ಕಂಡಿದ್ದೆ,” ಅಂದ ಅವನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳಿಗೆ ಎಷ್ಟು ವರ್ಷ ಈ ಗಾದೆಯನ್ನು ಉಕ್ತಲೇಖನಕ್ಕೆ ಕೊಟ್ಟೆನೋ ಲೆಕ್ಕವಿಲ್ಲ. ನನ್ನ ಬಾಯಿಂದ ಬಂದ ನೆಲ ಡೊಂಕಿನ ಮಾತು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಾನು ಅವತ್ತು ಅವನ ಕ್ಷಮೆ ಕೇಳಬೇಕಿತ್ತು. ಕೇಳದೆ ಮನೆಗೆ ಬಂದೆ, ಬಂದು ಅತ್ತೆ.

ಮಣಿಪಾಲದ ಆಸ್ಪತ್ರೆಯಲ್ಲಿ ತೋರಿಸಿದರು. ಇದು ಮಿದುಳಿನಿಂದ ಬಂದ ನಡುಕ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಅಂದರು ಡಾಕ್ಟರು. ನಿದ್ದೆ ಬಂದಾಗ ಮಾತ್ರ ಕೈ ನಿಲ್ಲುತ್ತದೆ ಅಂತಲೂ ಹೇಳಿದರು. ಬಂದ ಮರುದಿನವೇ ದುರ್ಗಪ್ಪ ಗಂಗಿಯನ್ನು ಮಶೀನಿಗೆ ಕೂರಿಸಿದ. ಅವಳು ಮೂರು ಮೀಟರು ಬಟ್ಟೆ ಹಾಳು ಮಾಡಿದಳು. ಅವನು ಪಕ್ಕದಲ್ಲಿ ನಿಂತು ಬೈದ, ಅವಳೂ ಬೈದಳು. ದೀಪ ಬೆಸೆಯಲು ರೇಡಿಯೋ ರಿಪೇರಿಯ ನಾಗಪತಿ ಬಂದ. ಗ್ಯಾದರಿಂಗಿನ ಹಿಂದಿನ ದಿನ ಹನ್ನೆರಡು ಅಂಗಿ ತಯಾರಾದವು.

ದುರ್ಗಪ್ಪ ಮೊದಲ ಸಾಲಿನಲ್ಲಿ ಬಲಗೈಯನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದ. ಸ್ಟೇಜಿನ ಮೇಲೆ ಹುಡುಗಿಯರು ಕತ್ತಲಲ್ಲಿ ಕೂತಾಗ ಒಂದು ದೀಪವೂ ಮಿನುಗಲಿಲ್ಲ. ಆಮೇಲೆ ಮೊದಲ ಕೈ ಎದ್ದಿತು, ಜನ ಚಪ್ಪಾಳೆ ತಟ್ಟಿದರು. ಅವನು ನೋಡಿ ಖುಷಿಪಟ್ಟದ್ದು ಆ ಬೆಳಕನ್ನಲ್ಲ, ಅದಕ್ಕೆ ಮೊದಲಿನ ಕತ್ತಲನ್ನು. “ಒಂದೂ ಅಲ್ಲಾಡ್ಲಿಲ್ಲ, ಅಕ್ಕೋರೆ,” ಅಂತ ಎರಡೆರಡು ಸಲ ಹೇಳಿದ.

ಗಂಗಿಯ ಕೈ ಅವನ ಕೈಯಷ್ಟು ಚೆನ್ನಾಗಿಲ್ಲ, ಸುಳ್ಳು ಯಾಕೆ ಹೇಳಲಿ. ಕಂಕುಳಲ್ಲಿ ಬಿಗಿಯುತ್ತದೆ. ಆದರೂ ನಾನು ಬೇರೆ ಕಡೆ ಹೋಗಲಿಲ್ಲ. ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ, ಹೇಳಿದ ದಿನಕ್ಕೆ ರವಿಕೆ ಆಗಲಿಲ್ಲ ಅಂತ ಜಗಳಕ್ಕೇ ಹೊರಟೆ. ಬಾಯಿ ತೆರೆಯುವ ಮೊದಲೇ ಗಂಗಿ ತುಟಿಗೆ ಬೆರಳಿಟ್ಟು ಒಳಕೋಣೆ ತೋರಿಸಿದಳು. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ದುರ್ಗಪ್ಪ ಕಣ್ಣು ಮುಚ್ಚಿ ಮಲಗಿದ್ದ. ಅವನ ಬಲಗೈಗೆ ಬಟ್ಟೆಯ ಪಟ್ಟಿಯೊಂದು ಸುತ್ತಿತ್ತು. ಹಳೇ ಮಾದರಿ ಅಂಗಿಯ ತೋಳನ್ನೇ ದೀಪದ ಸಮೇತ ಕತ್ತರಿಸಿ ಅವಳು ಮಾಡಿದ್ದು. ಅದರಲ್ಲಿ ದೀಪ ಹೊತ್ತಿರಲಿಲ್ಲ.

“ನಿದ್ದೆ ಬರ್ದಿದ್ರೆ ನಂಗೆ ಬೇಜಾರಾಗ್ತದೆ ಅಂತ ನಿದ್ದೆ ಬಂದವ್ರ ಹಾಗೆ ಕಣ್ಣು ಮುಚ್ಕಂಡು ಬಿದ್ಕಂಡಿರ್ತಿದ್ರು,” ಅಂತ ಪಿಸುಗುಟ್ಟಿದಳು. “ಕಣ್ಣು ಸುಳ್ಳು ಹೇಳ್ತದೆ, ಇದು ಹೇಳುದಿಲ್ಲ. ಇದು ಆರಿದ್ರೆ ನಿದ್ದೆ ಬಂತು ಅಂತ. ಆಗ ಸದ್ದಾಗ್ಬಾರ್ದು ಅಂತ ನಾ ಮಶೀನು ನಿಲ್ಲಿಸ್ತೆ.”

ಮಶೀನಿನಲ್ಲಿ ನನ್ನ ರವಿಕೆ ಅರ್ಧ ತೋಳಿಗೆ ನಿಂತಿತ್ತು. ನಾನು ಯಾರಿಗೂ ಕಾಯುವವಳಲ್ಲ. ಅವತ್ತು ಸ್ಟೂಲು ಎಳೆದುಕೊಂಡು ಕೂತೆ. ಹೆದ್ದಾರಿಯಲ್ಲಿ ಬಸ್ಸುಗಳು ಹೋದವು, ಒಬ್ಬ ಗಿರಾಕಿ ಬಂದು ಗಂಗಿಯ ತುಟಿಯ ಮೇಲಿನ ಬೆರಳು ನೋಡಿ ಹಿಂತಿರುಗಿದ. ನಾವಿಬ್ಬರೂ ಬಾಗಿಲಾಚೆಯ ಕತ್ತಲನ್ನು ನೋಡುತ್ತಿದ್ದೆವು. ಮುಕ್ಕಾಲು ಗಂಟೆಯ ಮೇಲೆ ಅಲ್ಲಿ ಕೆಂಪು ದೀಪ ಮಿನುಗಿತು.

“ಎದ್ರು,” ಅಂದಳು ಗಂಗಿ. ಒಳಗೆ ಹೋಗಿ ಒಲೆ ಹಚ್ಚಿ, ಮೂವರಿಗೂ ಅರ್ಧರ್ಧ ಲೋಟ ಚಹಾ ಮಾಡಿದಳು.