ಈಗ ಓದುತ್ತಿರುವವರು

ಅಡ್ಡಗದ್ದೆಯ ಹಿರಿಯ ಅರ್ಥಧಾರಿ ನಮ್ಮ ತಾಳಮದ್ದಳೆ ಫೋರಂ ಬಿಟ್ಟದ್ದು ವಾದದಲ್ಲಿ ಸೋತದ್ದಕ್ಕೆ ಎಂದು ಕೊಪ್ಪ, ಶೃಂಗೇರಿ ಕಡೆಯವರು ಈಗಲೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಆ ಚರ್ಚೆಯನ್ನು ಪೂರ್ತಿ ಓದಿದವರನ್ನು ನಾನು ಕಂಡಿಲ್ಲ. ಸೋಲಬೇಕಾದರೆ ಎದುರಿನವರು ಏನಾದರೂ ಹೇಳಿರಬೇಕಲ್ಲ? ಅವರು ಹೇಳಿಯೇ ಇರಲಿಲ್ಲ.

ಎರಡು ಸಾವಿರದ ದಶಕದ ಆ ಫೋರಂ ನಡೆಸುತ್ತಿದ್ದವನು ಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಗೆಳೆಯ. ತಾಳಮದ್ದಳೆಯ ಕೂಟದಲ್ಲಿ ಅರ್ಥಧಾರಿಗಳು ಎದುರುಬದುರು ಕೂತು ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ಹಾಗೆ ಅಲ್ಲಿ ಒಬ್ಬರು ಒಂದು ಪಾತ್ರವಾಗಿ ಬರೆದರೆ ಇನ್ನೊಬ್ಬರು ಎದುರು ಪಾತ್ರವಾಗಿ ಉತ್ತರಿಸಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಅದು ಮೋಜು. ಅಡ್ಡಗದ್ದೆಯವರಿಗೆ ಹಾಗಲ್ಲ. ಗಂಟಲಿನ ಆಪರೇಷನ್ ನಂತರ ಅವರ ಸ್ವರ ಪಿಸುಮಾತಿಗಿಂತ ಮೇಲೇಳುತ್ತಿರಲಿಲ್ಲ; ಅರ್ಥ ಹೇಳಲು ಉಳಿದಿದ್ದ ಜಾಗ ಅದೊಂದೇ.

ಅವರು ಕೇಳಿದ್ದರಿಂದಲೇ ಗೆಳೆಯ ಪ್ರತಿ ಚರ್ಚೆಯ ಕೆಳಗೆ ‘ಈಗ ಓದುತ್ತಿರುವವರು’ ಎಂಬ ಪಟ್ಟಿ ಹಾಕಿದ. ಎದುರಿಗೆ ಯಾರು ಕೂತಿದ್ದಾರೆಂದು ಕಾಣದೆ ಅರ್ಥ ಹೇಳುವುದು ಹೇಗೆ ಎಂಬುದು ಅವರ ವಾದ. ಆಮೇಲೆ ಎಲ್ಲರೂ ಕೂಟದ ಅಭ್ಯಾಸಕ್ಕೇ ಬಿದ್ದರು. ಎದುರಾಳಿಯ ಹೆಸರು ಕಾಣುವ ತನಕ ಯಾರೂ ಬರೆಯುವುದಿಲ್ಲ, ಕಂಡೀತೇ ಎಂದು ಪುಟವನ್ನು ರಿಫ್ರೆಶ್ ಮಾಡುತ್ತಲೇ ಇರುತ್ತಾರೆ. ಪ್ರತಿ ಸಲವೂ ಸರ್ವರ್ ಹೆಸರುಗಳನ್ನು ಹೊಸದಾಗಿ ಹುಡುಕಬೇಕು. ಸಂಜೆ ಹೊತ್ತಿಗೆ ಸೈಟ್ ನಿಂತೇಹೋಗುತ್ತಿತ್ತು.

“ಇನ್ನೊಂದ್ಸಲ ಹೀಗಾದ್ರೆ ಸೈಟೇ ಬಂದ್ ಮಾಡ್ತೀವಿ ಅಂತಿದಾರೆ ಮಾರಾಯ, ಹೋಸ್ಟಿಂಗ್ ಕಂಪನಿಯವ್ರು,” ಎಂದ ಗೆಳೆಯ.

“ಪಟ್ಟಿ ತೆಗಿ.”

“ತೆಗೆದ್ರೆ ಅಡ್ಡಗದ್ದೆಯವ್ರು ಬರೆಯದಿಲ್ಲ.”

“ಸೈಟ್ ಹೋದ್ರೆ ಎಲ್ಲಿ ಬರೀತಾರೆ?”

“ಇಲ್ಲೂ ಸ್ಪರ್ಧೆಗೆ ನಿಂತ್ಯಾ? ಗೆದ್ದವ್ರಿಗೆ ಕಪ್ ಕೊಡೋರು ಯಾರೂ ಇಲ್ಲ ಇಲ್ಲಿ.”

ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಪಟ್ಟಿ ಇರಲಿ, ಆದರೆ ಗಂಟೆಗೊಮ್ಮೆ ಮಾತ್ರ ಬದಲಾಗಲಿ. ಹಾಗೆಂದು ಮುಖಪುಟದಲ್ಲಿ ಸೂಚನೆಯನ್ನೂ ಹಾಕಿದ. ಸೂಚನೆ ಯಾರು ಓದುತ್ತಾರೆ? ಸರ್ವರ್ ಮಾತ್ರ ಸುಧಾರಿಸಿಕೊಂಡಿತು.

ಆ ವಾರವೇ ಅಡ್ಡಗದ್ದೆಯವರಿಗೆ ಪಟ್ಟಿಯಲ್ಲಿ ನರಸಿಂಹರಾಜಪುರದ ಮೇಷ್ಟ್ರ ಹೆಸರು ಕಂಡಿತು. ಅವರ ಮಾಮೂಲು ಎದುರಾಳಿ. ಇವರು ಅದುವರೆಗೆ ಬರೆದದ್ದರಲ್ಲೇ ದೀರ್ಘವಾದ ಅರ್ಥ ಬರೆದು, ‘ಎದುರಿಗೇ ಕುಳಿತಿದ್ದೀರಿ, ಉತ್ತರಿಸಿ’ ಎಂದು ಮುಗಿಸಿದರು. ಹೆಸರು ಅಲ್ಲೇ ಇತ್ತು. ಉತ್ತರ ಬರಲಿಲ್ಲ. ಕೂಟದಲ್ಲಿ ಎದುರು ಕೂತವರು ಉತ್ತರ ಕೊಡದೆ ಸುಮ್ಮನಿದ್ದರೆ ಅದು ತಿರಸ್ಕಾರ. ಇವರು ಬರೆಯುವುದನ್ನು ನಿಲ್ಲಿಸಿದರು.

ಮೇಷ್ಟ್ರು ನನಗೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಯಾಕೆ ಉತ್ತರಿಸಲಿಲ್ಲ ಎಂದು ಕೇಳಿದೆ.

“ನಾನೆಲ್ಲಿದ್ದೆ ಮಾರಾಯ ಆಗ? ಕಂಪ್ಯೂಟರ್ ಆಫ್ ಮಾಡಿ ಮದುವೆ ಮನೆಗೆ ಹೊರಟಾಗಿತ್ತು. ಮರುದಿನ ಓದ್ದೆ. ಎಂಥಾ ಅರ್ಥ ಅದು! ಉತ್ತರ ತಯಾರಿದೆ. ಅವ್ರ ಹೆಸ್ರು ಪಟ್ಟೀಲಿ ಬರ್ಲಿ ಅಂತ ಕಾಯ್ತಾ ಇದೀನಿ.”

ನಾನು ಅಡ್ಡಗದ್ದೆಗೆ ಹೋಗಿ ಎದ್ದುಹೋದವರ ಹೆಸರೂ ಪಟ್ಟಿಯಲ್ಲಿ ಗಂಟೆಯ ತನಕ ಉಳಿಯುವ ವಿಷಯವನ್ನೂ ಮದುವೆಯ ವಿಷಯವನ್ನೂ ಹೇಳಿದೆ. ಅವರು ಎಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

“ಹಾಗಾದ್ರೆ ಅಷ್ಟನ್ನೂ ಖಾಲಿ ಚಾಪೆಗೆ ಹೇಳಿದ್ನಾ?” ಪಿಸುಮಾತಾದರೂ ಸ್ಪಷ್ಟವಾಗಿತ್ತು.

“ಮೇಷ್ಟ್ರು ಆಮೇಲೆ ಓದಿದಾರೆ. ನೀವು ಬಂದು ಕೂತ್ರೆ ಉತ್ತರ ಕೊಡ್ತಾರೆ. ಅವ್ರು ಅವತ್ತು ಅಲ್ಲಿ ಇರ್ಲೇ ಇಲ್ಲ ಅಂತ ಗೊತ್ತಾದ ಮೇಲೂ ಬರೋದಕ್ಕೆ ನಿಮಗೇನು ಅಡ್ಡಿ?”

“ಇನ್ನು ಆ ಪಟ್ಟೀಲಿ ಹೆಸ್ರು ಕಂಡ್ರೂ ಎದುರಿಗೆ ಆಳು ಕೂತಿದೆ ಅಂತ ನಂಬೋದು ಹೇಗೆ?” ಎಂದು ಅವರು ಎಲೆ ಮಡಚಿದರು.